ಅಡಿವೆವ್ವನ ಗಚ್ಚು

ಸಿಮೆಂಟಿನ ದೊಡ್ಡದೊಂದು ಚಕ್ಕೆ ಬರಿಗೈಯಲ್ಲೇ ಕಿತ್ತು ಬಂದಾಗ ಶಿದ್ಲಿಂಗಪ್ಪನ ಮುಖ ಸಣ್ಣದಾಯಿತು. ಹೋದ ವರ್ಷ, ಎಪ್ಪತ್ತಾರರ ಬೇಸಿಗೆಯಲ್ಲಿ, ಪರ್ಮಿಟ್ ಹಿಡಿದು ಹಾನಗಲ್ಲಿಗೆ ಹತ್ತು ಸಲ ಅಲೆದು ತಂದ ಸಿಮೆಂಟು ಅದು. ಹಿತ್ತಲಿನಲ್ಲಿ ದನಗಳಿಗೆ ನೀರುಣಿಸುವ ಇಟ್ಟಿಗೆಯ ದೋಣಿಯ ಒಳಗೆಲ್ಲ ಅದನ್ನು ಮೆತ್ತಿಸಿ, ತಿಳವಳ್ಳಿಯಲ್ಲಿ ಇಂಥದ್ದು ಇನ್ನೊಂದಿಲ್ಲ ಎಂದು ಬೀಗಿದ್ದ. ಮನೆಗೆ ಬಂದ ಬೀಗರಿಗೆ ಚಹಾ ಕೊಡುವ ಮೊದಲು ದೋಣಿ ತೋರಿಸುತ್ತಿದ್ದ. ದೋಣಿಯೂ ಹಾಗೇ ಇತ್ತೆನ್ನಿ. ಐದು ಮೊಳ ಉದ್ದ, ಮೂರು ಮೊಳ ಅಗಲ, ಸೊಂಟದ ಮಟ್ಟ ಗೋಡೆ. ಹನ್ನೊಂದು ದನ ನೀರು ಕುಡಿದು ಹೋದ ಮೇಲೆ ಓಣಿಯ ಮಕ್ಕಳೆಲ್ಲ ಅದರಲ್ಲಿ ಬಿದ್ದು ಕೈಕಾಲು ಬಡಿಯುತ್ತಿದ್ದರು. ಈಗ ನೋಡಿದರೆ ಮುಂಜಾನೆ ತುಂಬಿಸಿದ ನೀರು ಮಧ್ಯಾಹ್ನಕ್ಕೆ ತಳ ಸೇರುತ್ತಿತ್ತು.

"ಇನ್ನ ನಾಕ ಚೀಲ ಸಿಮೆಂಟ್ ತರಸ್ರಿ ಗೌಡ್ರ, ದಪ್ಪಗ ಬಳದ ಬಿಡ್ತೇನಿ," ಎಂದ ಗೌಂಡಿ ಕರಬಸಪ್ಪ. ಆ ಸಿಮೆಂಟು ಮೆತ್ತಿದವನೂ ಅವನೇ.

"ಬಳದ್ರ ನಿಲ್ಲೂದಿಲ್ರಿ," ಎಂಬ ಮಾತು ಅವನ ಬೆನ್ನ ಹಿಂದಿನಿಂದ ಬಂತು.

ಬುಟ್ಟಿ ಹಿಡಿದು ನಿಂತಿದ್ದ ಅಡಿವೆವ್ವ ಆಡಿದ ಮಾತದು. ಐವತ್ತು ದಾಟಿದ ಹೆಂಗಸು. ಇಪ್ಪತ್ತೇಳು ವರ್ಷ ಗೌಂಡಿಗಳ ಕೈಕೆಳಗೆ ದುಡಿದವಳು, ಮೊದಲು ಕರಬಸಪ್ಪನ ಅಪ್ಪನ ಹತ್ತಿರ, ಈಗ ಮಗನ ಹತ್ತಿರ. ಗೋಡೆ ಕಟ್ಟುವವನು ಗೌಂಡಿಯಾದರೂ ಸುಣ್ಣ ನೆನೆಸಿ, ಗಚ್ಚಿನ ಗಾರೆ ಬಡಿದು, ಕಲ್ಲಿನಿಂದ ತಿಕ್ಕಿ ಹೊಳಪು ತರುವವರು ಹೆಂಗಸರು. ಕೆಲಸ ಮುಗಿದ ಮೇಲೆ ಊರು ಹೇಳುವುದು ಮಾತ್ರ ಗೌಂಡಿಯ ಹೆಸರು. ಇದು ಯಾವ ಸೀಮೆಯ ನ್ಯಾಯವೋ ಯಾರೂ ಕೇಳಿದ್ದಿಲ್ಲ.

"ಒಳಗ ಹಳೇ ಗಚ್ಚು ಹಂಗ ಐತಿ. ಅದರ ಮ್ಯಾಲ ಸಿಮೆಂಟ್ ಹಿಡಿಯೂದಿಲ್ಲ. ಎಷ್ಟ ಬಳದ್ರೂ ಹಪ್ಪಳ ಎದ್ದಂಗ ಏಳತೈತಿ. ಎಲ್ಲಾ ಕೆತ್ತಿ ತಗದು ಹೊಸಾ ಗಚ್ಚ ಹಾಕಬೇಕ್ರಿ."

ಕರಬಸಪ್ಪ ನಕ್ಕ. "ಹಾಕಾಂವ ಯಾರು? ಗಚ್ಚು ಗೊತ್ತಿದ್ದ ನಮ್ಮಪ್ಪ ಸತ್ತು ಒಂಬತ್ತ ವರ್ಷ ಆತು."

"ನಿಮ್ಮಪ್ಪಗ ಹದಾ ಹೇಳಾಕಿ ನಾ ಇನ್ನೂ ಸತ್ತಿಲ್ಲಲ್ಲೋ ತಮ್ಮಾ."

ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತಿದ್ದ ಶಿದ್ಲಿಂಗಪ್ಪನ ತಾಯಿ ಭರಮವ್ವ ಬಾಯ್ತುಂಬ ನಕ್ಕಳು. "ಆಕಿ ಕೈಯಾಗ ಕೊಡಪಾ ಶಿದ್ಲಿಂಗಾ. ನಿನ್ನ ಸಿಮೆಂಟಿನ ಶಾಣ್ಯಾತನ ನೋಡಿದ್ವಲ್ಲ."

"ಕೊಡ್ರಿ, ನಂದೇನೂ ಇಲ್ಲ," ಎಂದ ಕರಬಸಪ್ಪ. ಅವನಿಗೆ ಮಾತು ನಾಟಿತ್ತು. "ಆದ್ರ ದ್ವಾಣಿ ಸೋರಿತಂದ್ರ ನನ್ನ ಕೆಲಸಕ್ಕ ಆಕಿ ಮತ್ತ ಬರೂದು ಬ್ಯಾಡ."

ಅಡಿವೆವ್ವನಿಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಊರಿಗೆ ಇರುವವನು ಒಬ್ಬನೇ ಗೌಂಡಿ, ಅವನು ಕರೆಯದಿದ್ದರೆ ಒಲೆ ಹೊತ್ತುವುದು ಕಷ್ಟ. ಆದರೆ ಇದು ಅಡಿವೆವ್ವನ ಕೆಲಸ ಎಂದು ಒಬ್ಬರಾದರೂ ಒಮ್ಮೆಯಾದರೂ ಹೇಳಬೇಕು ಎಂಬ ಆಸೆ ಆ ಹೆದರಿಕೆಗಿಂತ ಹಳೆಯದು. ಬುಟ್ಟಿ ಕೆಳಗಿಟ್ಟು, "ಆತು," ಎಂದಳು.

ಮರುದಿನವೇ ತನ್ನ ಜೊತೆಗಾರ್ತಿ ಶಾಕೀರಾಳನ್ನು ಕರೆದುಕೊಂಡು ಬಂದಳು. ಇಬ್ಬರೂ ಸೇರಿ ಸಿಮೆಂಟು, ಅದರಡಿಯ ಹಳೆಯ ಗಚ್ಚು ಎಲ್ಲವನ್ನೂ ಇಟ್ಟಿಗೆ ಕಾಣುವವರೆಗೆ ಕೆತ್ತಿದರು. ಸುಣ್ಣ ಹದಿನೈದು ದಿನ ನೆನೆಯಿತು. ಹಳೆಯ ಹಂಚು ಕುಟ್ಟಿ ಪುಡಿ ಮಾಡಿ, ಉಸುಕು ಸೋಸಿ, ಬೆಲ್ಲದ ನೀರು, ಅಳಲೆಕಾಯಿಯ ನೀರು ಹಾಕಿ ಕಲಸಿದರು. ಅಡಿವೆವ್ವ ಚಿಟಿಕೆ ಗಚ್ಚು ನಾಲಗೆಯ ತುದಿಗೆ ಹಚ್ಚಿ ನೋಡಿ, ಚುರ್ ಎಂದರೆ ಥೂ ಎಂದು ಉಗುಳಿ, ಇನ್ನೊಂದು ದಿನ ಬಿಡುತ್ತಿದ್ದಳು. ಅವಳಿಗೆ ಅವಸರವೆಂಬುದೇ ಇರಲಿಲ್ಲ. ಅವಸರವೆಲ್ಲ ಶಿದ್ಲಿಂಗಪ್ಪನದು.

ಆಮೇಲೆ ಬಡಿಯುವ ಕೆಲಸ. ಏಳು ದಿನ ಇಬ್ಬರೂ ದೋಣಿಯೊಳಗೆ ಕುಕ್ಕರುಗಾಲಲ್ಲಿ ಕುಳಿತು ಕಟ್ಟಿಗೆಯ ಬಡಿಗೆಯಿಂದ ಬಡಿದರು, ವರದಾ ನದಿಯಿಂದ ತಂದ ನುಣ್ಣನೆಯ ಕಲ್ಲಿನಿಂದ ತಿಕ್ಕಿದರು. ಸುಣ್ಣ ತಿಂದ ಅಂಗೈಗೆ ಸಂಜೆ ಶೇಂಗಾ ಎಣ್ಣೆ ಸವರಿಕೊಂಡು ಮತ್ತೆ ಮುಂಜಾನೆ ಹಾಜರು. ಕಡೆಯ ದಿನ ಶಾಕೀರಾ ಗೋಡೆಯಲ್ಲಿ ಮುಖ ನೋಡಿಕೊಂಡು, "ಅಕ್ಕಾ, ಇಲ್ಲೇ ಕುಂತು ತಲಿ ಬಾಚಗೋಬಹುದಲ್ಲ," ಎಂದಳು. ಅಡಿವೆವ್ವ ಬೈದಳು, ಆದರೆ ಶಾಕೀರಾ ಅತ್ತ ತಿರುಗಿದಾಗ ತಾನೂ ಒಮ್ಮೆ ನೋಡಿಕೊಂಡಳು.

ಒಂದು ತಿಂಗಳು ತೊಯ್ದ ಗೋಣಿತಟ್ಟು ಹೊದಿಸಿಟ್ಟು, ಬುಧವಾರ ಸಂಜೆ ನೀರು ತುಂಬಿಸಿದರು. ನೀರಿನ ಮಟ್ಟಕ್ಕೆ ಸರಿಯಾಗಿ ಕರಬಸಪ್ಪ ಇದ್ದಿಲಿನಿಂದ ಗೆರೆ ಎಳೆದ. ಮುಂಜಾನೆ ಎಲ್ಲರೂ ಬಂದು ನೋಡಿದರು. ನೀರು ಗೆರೆಗಿಂತ ಎರಡು ಬೆರಳು ಕೆಳಗಿತ್ತು.

ಅಡಿವೆವ್ವ ಗೆರೆಗೆ ಬೆರಳಿಟ್ಟು ಮತ್ತೊಮ್ಮೆ ಅಳೆದಳು. ಕರಬಸಪ್ಪ ಮೀಸೆಯಡಿಯಲ್ಲೇ ನಕ್ಕ. ಶಿದ್ಲಿಂಗಪ್ಪ ಹಣೆ ಚಚ್ಚಿಕೊಂಡ. ಭರಮವ್ವ ಏನೋ ಹೇಳಲು ಬಾಯಿ ತೆರೆದವಳು ಮತ್ತೆ ಮುಚ್ಚಿಕೊಂಡಳು.

ಅಡಿವೆವ್ವ ದೋಣಿಯ ಸುತ್ತ ಒಂದು ಸುತ್ತು ಬಂದಳು. ಹೊರಗೋಡೆಗೆ ಅಂಗೈ ಒತ್ತಿ ನೋಡಿದಳು. ಬುಡದ ಮಣ್ಣು ಮುಟ್ಟಿದಳು. ಎರಡೂ ಒಣಗಿದ್ದವು. ಎದ್ದು ನಿಂತಾಗ ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ.

"ನನ್ನ ಗಚ್ಚು ನೀರ ಬಿಟ್ಟಿಲ್ರಿ. ಯಾರೋ ತಗದಾರ."

"ಎರಡ ಬೆರಳ ನೀರ ಕದಿಯಾಕ ಯಾವ ಕಳ್ಳ ಬಂದಿದ್ದ?" ಎಂದ ಕರಬಸಪ್ಪ.

"ಅದು ನಂಗೊತ್ತಿಲ್ಲ. ನನ್ನ ಕೈ ನಂಗೊತ್ತೈತಿ. ಒಂದ ಬುಟ್ಟಿ ಒಲಿಬೂದಿ ತರ್ರಿ."

ಶಾಕೀರಾ ತಂದ ಬೂದಿಯನ್ನು ಅಡಿವೆವ್ವ ದೋಣಿಯ ಬುಡಕ್ಕೆ ಸುತ್ತಲೂ ಹರವಿದಳು. ನೀರಿನ ಮಟ್ಟಕ್ಕೆ ಹೊಸ ಗೆರೆ ಎಳೆದಳು. "ಮಧ್ಯಾಹ್ನಕ್ಕ ಈ ಬೂದಿ ತೊಯ್ದಿದ್ರ, ನೀರ ಇಳದಿದ್ರ, ನಾ ಈ ಊರಾಗ ಬುಟ್ಟಿ ಮುಟ್ಟೂದಿಲ್ಲ," ಎಂದು ಅಲ್ಲೇ ಬೇವಿನ ನೆರಳಲ್ಲಿ ಕುಳಿತುಬಿಟ್ಟಳು.

ಯಾರೂ ಕದಲಲಿಲ್ಲ. ಶಿದ್ಲಿಂಗಪ್ಪ ಎರಡು ಸಲ ಚಹಾ ಕುಡಿದ. ಭರಮವ್ವ ಮಾತ್ರ ಒಳಗೆ ಹೊರಗೆ ಓಡಾಡುತ್ತ ಆಕಾಶ ನೋಡುತ್ತಿದ್ದಳು. ಸೂರ್ಯ ನೆತ್ತಿಗೆ ಬಂದಾಗ ಕರಬಸಪ್ಪನೇ ಬಗ್ಗಿ ಬೂದಿ ಹಿಡಿದು ನೋಡಿದ. ಅದು ಬೆರಳ ಸಂದಿಯಿಂದ ಪುಡಿಪುಡಿಯಾಗಿ ಉದುರಿತು. ನೀರು ಗೆರೆಯನ್ನು ಬಿಟ್ಟು ಒಂದು ಕೂದಲಿನಷ್ಟೂ ಇಳಿದಿರಲಿಲ್ಲ.

ಭರಮವ್ವನಿಗೆ ತಡೆಯಲಾಗಲಿಲ್ಲ. "ನಾನವ್ವಾ ಕಳ್ಳಿ! ಹೊಸಾ ನೀರು ಮೊದಲ ಗಬ್ಬದ ಆಕಳಿಗೆ ಕುಡಿಸಬೇಕಲ್ಲ. ನಸಿಕಿನ್ಯಾಗ ಎಬ್ಬಿಸಿ ಕುಡಿಸಿದೆ. ಗಂಗವ್ವನ ಪೂಜಿಗಂತ ಐದ ಕೊಡಾನೂ ತುಂಬಿಕೊಂಡೆ. ಹೊತ್ತು ನೆತ್ತಿಗೆ ಬರೂಮಟ ಬಾಯಿ ಬಿಡಬಾರದು, ಬಿಟ್ರ ಆಕಳ ಕಂದ ಹಾಕತೈತಿ ಅಂತ ನಮ್ಮತ್ತಿ ಹೇಳತಿದ್ಲು. ಹೊಟ್ಟ್ಯಾಗ ಬೆಂಕಿ ಇಟಗೊಂಡಂಗ ಆಗಿತ್ತವ್ವಾ!"

ಮೊದಲು ನಕ್ಕವಳು ಅಡಿವೆವ್ವ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅದು ನಗೆಯದೋ ಬೇರೆಯದೋ ಅವಳೇ ಹೇಳಬೇಕು.

ಕೆಲಸ ಮುಗಿದಾಗ ಗೌಂಡಿಗೆ ನಾಲ್ಕು ಜನರೆದುರು ರುಮಾಲು ಸುತ್ತುವುದು, ಹೆಣ್ಣಾಳುಗಳಿಗೆ ಒಂದೊಂದು ಕುಪ್ಪಸದ ಖಣ ಕೊಡುವುದು ಆ ಕಡೆಯ ಪದ್ಧತಿ. ಶಿದ್ಲಿಂಗಪ್ಪ ಶಾಕೀರಾಳಿಗೆ ಖಣ ಕೊಟ್ಟ. ಅಡಿವೆವ್ವನಿಗೆ ದೊಡ್ಡ ಮನಸ್ಸು ಮಾಡಿ ಇಡೀ ಸೀರೆಯನ್ನೇ ತಂದ. ಅವಳು ಕೈ ಚಾಚಲಿಲ್ಲ.

"ಸೀರಿ ಬ್ಯಾಡ್ರಿ ಗೌಡ್ರ. ಗೌಂಡಿಗೆ ಏನ ಕೊಡ್ತಿದ್ರೋ ಅದನ್ನ ಕೊಡ್ರಿ."

"ಹೆಣಮಗಳಿಗೆ ರುಮಾಲಾ?" ಶಿದ್ಲಿಂಗಪ್ಪ ಕಕ್ಕಾಬಿಕ್ಕಿಯಾಗಿ ತಾಯಿಯ ಮುಖ ನೋಡಿದ. ಭರಮವ್ವ ಆಗಲೇ ಒಳಗೆ ಹೋಗಿ ಮಗನ ಟ್ರಂಕಿನಿಂದ ಹೊಸ ಕೆಂಪು ರುಮಾಲು ತೆಗೆದುಕೊಂಡು ಬರುತ್ತಿದ್ದಳು.

ಆದರೆ ಸುತ್ತುವವರು ಯಾರು? ಪರ ಹೆಂಗಸಿನ ತಲೆ ಮುಟ್ಟಲು ಶಿದ್ಲಿಂಗಪ್ಪನಿಗೆ ಸಂಕೋಚ, ಭರಮವ್ವನಿಗೆ ಸುತ್ತುವ ರೀತಿ ಗೊತ್ತಿಲ್ಲ. ಕೊನೆಗೆ ಕರಬಸಪ್ಪ ಮುಂದೆ ಬಂದ. "ಇಲ್ಲಿ ತಾ ಆಯಿ," ಎಂದು ರುಮಾಲು ಇಸಿದುಕೊಂಡು, ಅಡಿವೆವ್ವನ ಸೆರಗಿನ ಮೇಲೆಯೇ ಬಿಗಿಯಾಗಿ ಸುತ್ತಿದ. "ನಮ್ಮಪ್ಪ ಹಿಂಗ ಸುತ್ತತಿದ್ದ," ಎಂದ.

ಅಡಿವೆವ್ವ ಓಣಿಯ ಸಂದಿ ಹಿಡಿಯದೆ ಪೇಟೆಯ ನಡುವಿನಿಂದಲೇ ಮನೆಗೆ ನಡೆದಳು. ಅಂಗಡಿಯ ಕಟ್ಟೆಯ ಮೇಲಿನ ಗಂಡಸರು ಮಾತು ನಿಲ್ಲಿಸಿದರು. ಏನಿದು ಎಂದು ಯಾರೋ ಕೇಳಿದ್ದಕ್ಕೆ ಹಿಂದೆ ಬರುತ್ತಿದ್ದ ಶಾಕೀರಾ, "ಗೌಡ್ರ ದ್ವಾಣಿ ನಮ್ಮ ಅಡಿವೆಕ್ಕಂದು," ಎಂದು ಇಡೀ ಪೇಟೆಗೆ ಕೇಳುವಂತೆ ಹೇಳಿದಳು.

ಗುಡಿಸಲಿನ ಬಾಗಿಲು ಎದೆಯ ಮಟ್ಟಕ್ಕಿತ್ತು. ಒಳಗೆ ಹೋಗಬೇಕಾದರೆ ತಲೆ ಬಗ್ಗಿಸಬೇಕು, ಬಗ್ಗಿಸಿದರೂ ರುಮಾಲು ತೊಲೆಗೆ ತಾಗುತ್ತದೆ. ಅಡಿವೆವ್ವ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಹೊರಗಿನ ಕಟ್ಟೆಯ ಮೇಲೆ, ಹಾದುಹೋಗುವವರಿಗೆಲ್ಲ ಕಾಣುವಂತೆ, ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಳು.

"ಶಾಕೀರಾ, ರೊಟ್ಟಿ ಇಲ್ಲೇ ತಾ," ಎಂದಳು.