ಎಂಟು ಗಂಟೆಯವರೆಗೆ

ಮಗಳು ಬ್ಯಾಗಿಗೆ ತುಂಬುವುದು, ಅಪ್ಪ ಅದಕ್ಕೆ ಇನ್ನೊಂದು ಸೇರಿಸುವುದು, ಮಗಳು ಅದನ್ನು ತೆಗೆದು ಆಚೆ ಇಡುವುದು. ಸಂಜೆಯಿಂದ ಆ ಮನೆಯಲ್ಲಿ ಇದೇ ನಡೆದಿತ್ತು. ಇರುವವರು ಇಬ್ಬರೇ, ಗಲಾಟೆ ಮಾತ್ರ ಹತ್ತು ಜನರದ್ದು. ಅಪ್ಪ ಬೀಗ ರಿಪೇರಿಯವನು, ಬೀದಿಯವರಿಗೆಲ್ಲ ಬೀಗದಣ್ಣ. ಮಗಳಿಗೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ರಜೆ ಸಿಕ್ಕಿತೆಂದರೆ ಗೆಳತಿಯರ ಜೊತೆ ಬೆಟ್ಟ ಹತ್ತುವ ಹುಚ್ಚು.

ನೆಲದ ತುಂಬ ಸಾಮಾನು ಹರಡಿತ್ತು. ನೀರಿನ ಬಾಟಲಿಗಳು ಭಾರ, ಅವು ಬೆನ್ನಿಗೆ ಒತ್ತಿಕೊಂಡಿರಬೇಕು. ರೇನ್‌ಕೋಟು ಎಲ್ಲಕ್ಕಿಂತ ಮೇಲೆ, ಮಳೆ ಕೇಳಿಕೊಂಡು ಬರುವುದಿಲ್ಲವಲ್ಲ. ಸೀಟಿ ಭುಜದ ಪಟ್ಟಿಗೆ. ಹಣೆಗೆ ಕಟ್ಟುವ ಟಾರ್ಚು, ಹೊಸ ಸೆಲ್ಲು, ಮುಲಾಮು, ಬ್ಯಾಂಡೇಜು, ಸ್ವೆಟರು, ದಾರಿಯ ನಕ್ಷೆ, ಒಂದು ಪೊಟ್ಟಣ ಕಡಲೆಬೀಜ.

"ಇದೇನಪ್ಪಾ?" ಬ್ಯಾಗಿನ ತಳದಿಂದ ಮಗಳು ಅಂಗೈಯಗಲದ ಹಿತ್ತಾಳೆ ಬೀಗ ಎತ್ತಿದಳು.

"ಇರ್ಲಿ ಬಿಡೇ. ಬ್ಯಾಗಿಗೆ ಹಾಕ್ಕೊಳ್ಳೋಕೆ."

"ಬೆಟ್ಟದ ಮೇಲೆ ಕದಿಯೋರು ಯಾರು? ಕೋತಿಗಳಾ?"

"ಯಾಕೆ, ಕೋತಿ ಕದಿಯಲ್ವಾ?"

ಬೀಗ ಆಚೆ ಹೋಯಿತು. ಆದರೆ ನಿಜವಾದ ಜಗಳ ಇನ್ನೂ ಬಾಕಿ ಇತ್ತು. ಬೆಟ್ಟಕ್ಕೆ ಹೋಗುವವರು ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಮನೆಯಲ್ಲಿರುವ ಒಬ್ಬರಿಗೆ ಹೇಳಿ ಹೋಗಬೇಕು. ಹೊತ್ತು ಮೀರಿದರೆ ಅವರು ಸಹಾಯಕ್ಕೆ ಫೋನ್ ಮಾಡಬೇಕು. ಮೀರಿದರೆ ಮಾತ್ರ. ಹೋದ ಸಲ ಆ ಕೆಲಸ ಅಪ್ಪನದೇ ಆಗಿತ್ತು. ಆರು ಗಂಟೆ ಎಂದು ಹೇಳಿ ಹೋದರೆ ಪುಣ್ಯಾತ್ಮ ನಾಲ್ಕಕ್ಕೇ ಅಗ್ನಿಶಾಮಕದವರಿಗೆ ಫೋನ್ ಮಾಡಿದ್ದ. ಹಗ್ಗ, ಸ್ಟ್ರೆಚರು ಹೊತ್ತು ಏದುಸಿರು ಬಿಡುತ್ತ ಬಂದವರಿಗೆ ಕಂಡಿದ್ದು, ಬಂಡೆಯ ಮೇಲೆ ಕೂತು ಕಿತ್ತಳೆ ತಿನ್ನುತ್ತಿದ್ದ ಹುಡುಗಿಯರು. ಮಗಳ ಮರ್ಯಾದೆ ಮೂರು ಕಾಸಿಗೆ ಹರಾಜಾಯಿತು.

"ಈ ಸಲ ಕೆಳಗಿನ ಮನೆ ಮೆಡಿಕಲ್ ಶಾಪ್ ಆಂಟಿಗೆ ಹೇಳಿ ಹೋಗ್ತೀನಿ," ಎಂದಳು.

ಅಪ್ಪನ ಮುಖ ಸಪ್ಪಗಾಯಿತು. ಹೆತ್ತಪ್ಪ ಇಲ್ಲಿ ಗುಂಡುಕಲ್ಲಿನ ಹಾಗೆ ಕೂತಿರುವಾಗ ಮಾತ್ರೆ ಮಾರುವವಳ ಮೇಲೆ ನಂಬಿಕೆಯೇ? ಅವನಿಗೆ ನಿಜವಾಗಿಯೂ ನೋವಾಯಿತು.

"ಒಂದೇ ಒಂದ್ಸಲ ನೋಡೇ. ತುಟಿಪಿಟಕ್ ಅನ್ನಲ್ಲ."

ಮಗಳು ಅವನನ್ನೇ ದಿಟ್ಟಿಸಿದಳು. "ಎಂಟು ಗಂಟೆ. ಅದಕ್ಕೂ ಮುಂಚೆ ಯಾರಿಗಾದ್ರೂ ಫೋನ್ ಮಾಡಿದ್ಯೋ, ಇನ್ಮೇಲೆ ಎಲ್ಲಿಗೆ ಹೋಗ್ತೀನಿ ಅಂತಾನೂ ನಿಂಗೆ ಹೇಳಲ್ಲ. ಅಲ್ಲಿ ಸಿಗ್ನಲ್ ಇರಲ್ಲ, ನಂಗೂ ಮಾಡ್ಬೇಡ."

"ಆಯ್ತು ಮಾರಾಯ್ತಿ."

ಆಯ್ತು ಎಂದವನು, ಅವಳು ಮುಖ ತೊಳೆಯಲು ಹೋದದ್ದೇ ತಡ, ಬೀಗವನ್ನು ಸ್ವೆಟರಿನಲ್ಲಿ ಸುತ್ತಿ ಮತ್ತೆ ಬ್ಯಾಗಿನ ತಳಕ್ಕೆ ತುರುಕಿದ.

ಮರುದಿನ ಮಧ್ಯಾಹ್ನದವರೆಗೆ ಹೇಗೋ ತಡೆದುಕೊಂಡ. ಆಮೇಲೆ ಒಬ್ಬರ ಕೀಲಿಯನ್ನು ಉಲ್ಟಾ ಉಜ್ಜಿ ಹಾಳು ಮಾಡಿ, ಬೈಸಿಕೊಂಡು, ಅಂಗಡಿ ಮುಚ್ಚಿ ಮನೆಗೆ ಬಂದ. ಐದಾಗುತ್ತಲೂ ಕೈ ತುರಿಸತೊಡಗಿತು. ಫೋನನ್ನು ಬೀರುವಿನೊಳಗಿಟ್ಟು ಬೀಗ ಹಾಕಿದ. ಏನು ಪ್ರಯೋಜನ? ಹೇರ್‌ಪಿನ್ ಇದ್ದರೆ ಸಾಕು, ಆ ಬೀರು ಅವನಿಗೆ ಬೆಂಕಿಪೊಟ್ಟಣ ತೆಗೆದಷ್ಟು ಸಲೀಸು. ಇನ್ನು ಉಳಿದದ್ದು ಒಂದೇ ದಾರಿ, ಫೋನಿನಿಂದ ದೂರ ಹೋಗುವುದು. ಬಾಗಿಲು ಎಳೆದುಕೊಂಡ. ಅವನೇ ಮಾಡಿದ ಬೀಗ, ತಾನಾಗಿಯೇ ಕಟಕ್ಕೆಂದು ಬಿತ್ತು. ನಾಲ್ಕು ಮಹಡಿ ಹತ್ತಿ, ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ಬಕೆಟ್ ಬೋರಲು ಹಾಕಿಕೊಂಡು ಕೂತ.

ಅಲ್ಲಿಂದ ಬೆಟ್ಟ ಕಾಣುತ್ತಿತ್ತು. ನೋಡುತ್ತಿದ್ದಂತೆ ಅದು ಕಪ್ಪಾಯಿತು. ಜಾರಿದ್ದಾಳೆ, ಕಾಲು ಉಳುಕಿದೆ, ಟಾರ್ಚು ಕೆಟ್ಟಿದೆ ಎಂದು ಮನಸ್ಸು ಒಂದೊಂದೇ ಕತೆ ಕಟ್ಟಿತು. ಹೆದರಿಕೆಗೆ ಕಣ್ಣಲ್ಲಿ ನೀರೂ ಬಂತು. ಬೆಂಕಿಯ ಮೇಲೆ ಕೂತ ಹಾಗಿದ್ದರೂ ಏಳಲಿಲ್ಲ. ಮಾತು ಅಂದರೆ ಮಾತು.

ಅಷ್ಟರಲ್ಲಿ ಕೆಳಗಿನಿಂದ ದಡ್ ದಡ್ ಎಂದು ಸದ್ದು, ಹಿಂದೆಯೇ ಮರ ಸೀಳಿದ ಶಬ್ದ. ಯಾರ ಮನೆಗಪ್ಪಾ ಈ ಗತಿ ಎಂದು ಇಳಿದು ಬಂದು ನೋಡಿದರೆ, ತನ್ನದೇ! ಎದುರುಮನೆಯ ಬಡಗಿ ಸುತ್ತಿಗೆ ಹಿಡಿದು ಬೆವರುತ್ತಿದ್ದ. ಮೆಡಿಕಲ್ ಶಾಪಿನಾಕೆ ಬಿ.ಪಿ. ನೋಡುವ ಮೆಷಿನ್ನು ಅವುಚಿಕೊಂಡು ನಿಂತಿದ್ದಳು.

"ಏನ್ ಬೀಗಾನೋ ಅಣ್ಣಾ ಇದು!" ಎಂದ ಬಡಗಿ. "ಬಾಗಿಲೇ ಕಿತ್ತು ಬಂತು, ಬೀಗ ಜಪ್ಪಯ್ಯ ಅನ್ಲಿಲ್ಲ."

ಬೀಗದಣ್ಣನಿಗೆ ಆ ಗಾಬರಿಯಲ್ಲೂ ಒಂದಿಷ್ಟು ಹೆಮ್ಮೆಯಾಯಿತು. ಅಷ್ಟರಲ್ಲಿ ಮಗಳು ಮೆಟ್ಟಿಲು ಹಾರಿಕೊಂಡು ಬಂದಳು, ಬೆನ್ನ ಮೇಲೆ ಬ್ಯಾಗು, ಶೂ ತುಂಬ ಮಣ್ಣು.

"ಎಲ್ಲಿ ಹೋಗಿದ್ದೆ ಅಪ್ಪಾ? ಬೇಗ ಇಳಿದ್ವಿ, ಬಸ್ ಸ್ಟಾಪಲ್ಲಿ ಸಿಗ್ನಲ್ ಸಿಕ್ತು. ಪಾಪ ಕಾಯ್ತಿರ್ತೀಯಲ್ಲ ಅಂತ ಫೋನ್ ಮಾಡಿದ್ರೆ ಎತ್ತೋರೇ ಇಲ್ಲ! ಎಷ್ಟ್ ಸಲ ಮಾಡೋದು? ಎದೆ ಹಿಡ್ಕೊಂಡು ಬಿದ್ದಿದ್ದೀಯೇನೋ ಅಂತ ಆಂಟಿಗೆ ಹೇಳಿ ಬಾಗಿಲು ಒಡೆಸ್ದೆ."

ಬೀದಿಯಲ್ಲಿ ಆಂಬುಲೆನ್ಸ್ ಕೂಗುತ್ತ ಬಂದು ನಿಂತಿತು.

"ಅದೂ ನಾನೇ ಕರೆಸಿದ್ದು," ಎಂದು ಮಗಳು ನಾಲಿಗೆ ಕಚ್ಚಿಕೊಂಡಳು.

ಅಪ್ಪ ಮೆಲ್ಲಗೆ ಕೇಳಿದ, "ಗಂಟೆ ಎಷ್ಟಾಯ್ತು?"

"ಏಳೂ ಕಾಲು," ಎಂದಳು ಮೆಡಿಕಲ್ ಶಾಪಿನಾಕೆ.

"ಹಾಗಾದ್ರೆ ಇನ್ನೂ ಟೈಮಿದೆ."

ಬಡಗಿ ಬಿದ್ದು ಬಿದ್ದು ನಕ್ಕ. ಮೆಡಿಕಲ್ ಶಾಪಿನಾಕೆ ನಗುತ್ತಲೇ ಆಂಬುಲೆನ್ಸಿನವರಿಗೆ ಸಮಾಧಾನ ಹೇಳಲು ಇಳಿದು ಹೋದಳು. ಮಗಳು ಮಾತ್ರ ನಗಲಿಲ್ಲ. ಬ್ಯಾಗು ಇಳಿಸದೆಯೇ ಹೊಸ್ತಿಲ ಮೇಲೆ ಕುಸಿದು ಕೂತಳು.

"ಒಂದೇ ಒಂದ್ ಗಂಟೇಲಿ ನನ್ ಜೀವ ಬಾಯಿಗೆ ಬಂತಪ್ಪಾ. ನಿಂಗೆ ಪ್ರತಿ ಸಲಾನೂ ಹಿಂಗೇ ಆಗುತ್ತಾ?"

"ಹೂಂ. ಬೆಳಿಗ್ಗೆಯಿಂದ," ಎಂದ ಅಪ್ಪ.

ಅವಳು ಬ್ಯಾಗಿನ ತಳಕ್ಕೆ ಕೈ ಹಾಕಿ ಹಿತ್ತಾಳೆ ಬೀಗ ತೆಗೆದು ಅವನ ಕೈಗಿಟ್ಟಳು. "ತಗೋ. ತುದಿವರೆಗೂ ಹೊತ್ಕೊಂಡು ಹೋಗಿ ವಾಪಸ್ ತಂದಿದ್ದೀನಿ. ಇವತ್ತು ರಾತ್ರಿ ಬಾಗಿಲಿಗೆ ಇದೇ ಗತಿ."

ಬಡಗಿ ಬಾಗಿಲನ್ನು ಹೇಗೋ ಚೌಕಟ್ಟಿಗೆ ನಿಲ್ಲಿಸಿ ಹೋದ. ಅಪ್ಪ ಒಳಗಿನಿಂದ ಕೊಂಡಿ ಕೂರಿಸತೊಡಗಿದ. ಮಗಳು ಹಣೆಗೆ ಟಾರ್ಚು ಕಟ್ಟಿಕೊಂಡು ಪಕ್ಕದಲ್ಲಿ ಬಗ್ಗಿ ನಿಂತಳು.

"ಮುಂದಿನ ಸಲಾನೂ ನಿಂಗೇ ಹೇಳಿ ಹೋಗ್ತೀನಿ," ಎಂದಳು. "ಫೋನ್ ಮಾತ್ರ ಕೈಯಲ್ಲಿಟ್ಕೋ."

"ತಲೆ ಅಲ್ಲಾಡಿಸ್ಬೇಡ್ವೇ, ಸ್ಕ್ರೂ ಕಾಣ್ತಿಲ್ಲ," ಎಂದ ಅಪ್ಪ ಕಣ್ಣೊರೆಸಿಕೊಳ್ಳುತ್ತ. ಅವಳು ತಲೆ ಅಲ್ಲಾಡಿಸಿರಲಿಲ್ಲ.