ಹದಿನೇಳನೇ ಕಂಪ್ಯೂಟರಿನ ಐದು ಕುರ್ಚಿಗಳು

ಆ ಖಾಸಗಿ ಬಿಸಿನೆಸ್ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಹನ್ನೆರಡು ವರ್ಷದಿಂದ ಅವಳೇ ಯಜಮಾನಿ. ಕಾಗದದಲ್ಲಿ ‘ಸಹಾಯಕಿ’ ಎಂದಿದ್ದರೂ ವಿದ್ಯಾರ್ಥಿಗಳಿಗೆಲ್ಲ ಲ್ಯಾಬಕ್ಕ. ಯಾವ ಮೌಸ್ ಮುನಿಸಿಕೊಂಡಿದೆ, ಯಾರು ಓದುವ ನಾಟಕವಾಡುತ್ತಿದ್ದಾರೆ ಎಂಬುದೆಲ್ಲ ಅವಳಿಗೆ ನೋಟದಲ್ಲೇ ತಿಳಿಯುತ್ತಿತ್ತು.

ಈ ವರ್ಷ ನಿರ್ದೇಶಕರು ಹೊಸ ಸಾಫ್ಟ್‌ವೇರ್ ತರಿಸಿದ್ದರು. ಯಾರು ಎಷ್ಟು ಗಂಟೆ ಕಂಪ್ಯೂಟರ್ ಬಳಸಿದರೆಂದು ಅದು ಬರೆದಿಡುತ್ತಿತ್ತು. ನಲವತ್ತು ಗಂಟೆಯಾಗದವರಿಗೆ ಪರೀಕ್ಷೆಯಿಲ್ಲ. ಹೆಚ್ಚು ಬಳಸಿದವರೇ ಹೆಚ್ಚು ಕಲಿತವರಂತೆ. ಒಲೆ ಮುಂದೆ ಹೆಚ್ಚು ಹೊತ್ತು ನಿಂತವರೇ ಒಳ್ಳೆ ಅಡುಗೆಯವರು ಎಂದ ಹಾಗೆ!

ಶುಕ್ರವಾರ ಪಟ್ಟಿ ಬಂತು. ನಾಲ್ವರು ಹುಡುಗಿಯರ ಮುಂದೆ ಸೊನ್ನೆ. ಟೈಪಿಂಗ್ ವೇಗಕ್ಕೆ ‘ಮಿಂಚು’ ಎಂದೇ ಹೆಸರಾದ ಅವರ ಸಹಪಾಠಿ ಇನ್ನೂರು ಗಂಟೆ ದಾಟಿ ಮೊದಲಿಗ. ಲ್ಯಾಬಕ್ಕನಿಗೆ ಮೈ ಉರಿಯಿತು. ನೆಟ್ಟಗೆ ನಿರ್ದೇಶಕರ ಕೋಣೆಗೆ ನಡೆದಳು.

“ಸಾರ್, ಆ ನಾಲ್ಕೂ ಜನ ದಿನಾ ಬರ್ತಾರೆ. ಸಂಜೆ ಹದಿನೇಳನೇ ಕಂಪ್ಯೂಟರ್ ಸುತ್ತ ಐದು ಕುರ್ಚಿ ಇರುತ್ತೆ. ವಾಪಸ್ ಎಳೆದಿಡೋಳು ನಾನೇ.”

“ಲಾಗಿನ್ ಆಗಿರೋದು ಮಿಂಚು ಒಬ್ಬನೇ ಅಲ್ವಾ?”

“ಸಾಫ್ಟ್‌ವೇರ್‌ಗೆ ಬೆರಳು ಕಾಣುತ್ತೆ, ತಲೆ ಕಾಣಲ್ಲ. ಐದೂ ಜನರನ್ನ ಬೇರೆ ಬೇರೆ ಕೂರಿಸಿ ನೋಡಿ. ನನ್ನ ಮಾತು ಸುಳ್ಳಾದ್ರೆ ಲ್ಯಾಬಿನ ಬೀಗದ ಕೈ ನಿಮ್ಮ ಮೇಜಿನ ಮೇಲಿಟ್ಟು ಮನೆಗೆ ಹೋಗ್ತೀನಿ.”

ಸೋಮವಾರ ಐವರಿಗೂ ಒಂದೊಂದು ಕಂಪ್ಯೂಟರ್, ಒಂದೇ ಪ್ರಶ್ನೆ: ಚಪ್ಪಲಿ ಕಂಪನಿಯೊಂದರ ಮಾರಾಟದ ಲೆಕ್ಕ ನೋಡಿ, ಅದರ ಒಂಬತ್ತು ಮಳಿಗೆಗಳಲ್ಲಿ ಯಾವುದನ್ನು ಮುಚ್ಚಬೇಕು? ಹುಡುಗಿಯರು ಕೋಳಿ ಕಾಳು ಕುಕ್ಕಿದಂತೆ ಒಂದೊಂದೇ ಅಕ್ಷರ ಒತ್ತಿದರು. ಆದರೂ ಗಂಟೆ ಮುಗಿಯುವಷ್ಟರಲ್ಲಿ ನಾಲ್ವರದೂ ಒಂದೇ ಉತ್ತರ: ಕಡಿಮೆ ಮಾರಾಟದ ಮಳಿಗೆ ತೆರೆದು ಎಂಟೇ ತಿಂಗಳು, ಅದನ್ನು ಉಳಿಸಿ, ಮೂರು ವರ್ಷದಿಂದ ಇಳಿಯುತ್ತಿರುವ ದೊಡ್ಡದನ್ನು ಮುಚ್ಚಿ.

ಮಿಂಚು ಹತ್ತೇ ನಿಮಿಷದಲ್ಲಿ ಬಣ್ಣಬಣ್ಣದ ನಕ್ಷೆ ಬಿಡಿಸಿದ್ದ. ಅದರಲ್ಲಿ ಉತ್ತರವಿರಲಿಲ್ಲ. ಅವನೇ ಎದ್ದು ನಿಂತ.

“ಸಾರ್, ನಾನು ಬರೀ ಟೈಪ್ ಮಾಡೋನು. ಏನು ಮಾಡ್ಬೇಕು ಅಂತ ಇವರೇ ಹೇಳೋದು.”

ನಿರ್ದೇಶಕರು ಪಟ್ಟಿಯಲ್ಲಿದ್ದ ನಾಲ್ಕು ಸೊನ್ನೆಗಳನ್ನೂ ಹೊಡೆದುಹಾಕಿ ನಾಲ್ವರಿಗೂ ಪರೀಕ್ಷೆಗೆ ಒಪ್ಪಿಗೆ ಬರೆದರು. ಇನ್ನೂರರ ಮುಂದೆ ಮಾತ್ರ ಪೆನ್ನು ನಿಂತಿತು. “ಇವನನ್ನ ಏನು ಮಾಡೋಣ?”

“ಅವನ ಕುರ್ಚಿ ಅಲ್ಲೇ ಇರ್ಲಿ ಸಾರ್,” ಎಂದಳು ಲ್ಯಾಬಕ್ಕ. “ನಾಳೆಯಿಂದ ಹುಡುಗೀರು ಟೈಪ್ ಮಾಡ್ಲಿ, ಇವನು ಯೋಚನೆ ಮಾಡ್ಲಿ.”

ಎಲ್ಲರಿಗಿಂತ ಜೋರಾಗಿ ನಕ್ಕವನು ಮಿಂಚೇ. ಆ ಸಂಜೆ ಲ್ಯಾಬಿಗೆ ಬೀಗ ಹಾಕುವಾಗ ಲ್ಯಾಬಕ್ಕ ಹದಿನೇಳನೇ ಕಂಪ್ಯೂಟರ್ ಸುತ್ತ ಮತ್ತೆ ಸೇರಿದ್ದ ಆ ಐದು ಕುರ್ಚಿಗಳನ್ನು ಎಳೆದಿಡಲಿಲ್ಲ.