ಇಲ್ಲದ ಜಲಪಾತ

ನಮ್ಮೂರ ಹಳೇ ಕೋಟೆಯ ಬುಡದಲ್ಲಿ ಪ್ರವಾಸಿಗರಿಗೆ ದಾರಿ ಹೇಳುವ ಕೆಲಸ ನನ್ನದು. ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿರುತ್ತೇವೆ. ಬಂದವರು ತಮಗೆ ಅನ್ನಿಸಿದ್ದನ್ನು ಬರೆದು ಹೋಗುತ್ತಾರೆ.

ಮೇ ತಿಂಗಳಲ್ಲಿ ನಗೋಯಾದ ಒಬ್ಬರು ಬರೆದರು: 'ಕೋಟೆಯಲ್ಲಿ ಬರೀ ಕಲ್ಲು. ಅದರ ಹಿಂದಿರುವ ಜಲಪಾತವನ್ನು ಮಾತ್ರ ಮರೆಯಲಾರೆ.'

ನಾನು ಇಲ್ಲೇ ಹುಟ್ಟಿ ನಲವತ್ತೊಂದು ವರ್ಷವಾಯಿತು. ಕೋಟೆಯ ಹಿಂದೆ ಜಲಪಾತ ಇಲ್ಲ.

"ಬೇರೆ ಊರಿಂದು ಇಲ್ಲಿ ಬರ್ದಿದಾರೆ ಬಿಡು, ತೊಮೊಯೆ," ಎಂದರು ಜೊತೆಯಲ್ಲಿ ಕೆಲಸ ಮಾಡುವ ಇಸೊಗಾಯಿ. "ಒಂದೇ ದಿನ ನಾಕು ಜಾಗ ಸುತ್ತೋರಿಗೆ ಯಾವ್ದು ಎಲ್ಲಿತ್ತು ಅಂತ ನೆನಪಿರುತ್ತಾ?"

ಮರುದಿನ ಸೆಂದಾಯಿ ಊರಿನಿಂದ ಬಂದ ಗಂಡ ಹೆಂಡತಿ ಅದನ್ನೇ ಬರೆದರು. ಅದರ ಮರುದಿನ ಒಬ್ಬಳು ಶಾಲಾ ಹುಡುಗಿ ಚಿತ್ರವನ್ನೇ ಬಿಡಿಸಿ ಹೋಗಿದ್ದಳು. ನೀರಿನ ಪಕ್ಕದಲ್ಲಿದ್ದದ್ದು ನಮ್ಮದೇ ಕೋಟೆಯ ಗೋಡೆ. ನನಗೆ ತಲೆ ಕೆಟ್ಟುಹೋಯಿತು. ಇಷ್ಟು ದಿನ ನಾನು ಜನರಿಗೆ ತೋರಿಸಿದ್ದು ಯಾವ ಊರನ್ನು?

ಕಚೇರಿಯ ಬಾಗಿಲು ಹಾಕಿ ಇಬ್ಬರೂ ಕೋಟೆಯ ಗುಡ್ಡ ಹತ್ತಿದೆವು. ಉತ್ತರದ ಇಳಿಜಾರಿನಲ್ಲಿ, ಎರಡಾಳೆತ್ತರದ ಬಂಡೆಯ ಮೇಲಿಂದ ನೀರು ಬೆಳ್ಳಗೆ ಬೀಳುತ್ತಿತ್ತು. ಏಳೆಂಟು ಜನ ನೋಡುತ್ತ ನಿಂತಿದ್ದರು. ಒಬ್ಬಾಕೆ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ನೀರಿನ ಜಾಡು ಹಿಡಿದು ಮೇಲೆ ಹೋದರೆ, ನಮ್ಮೂರ ರೈತ ಕುವಬಾರ ಅಜ್ಜ ಗುದ್ದಲಿ ಪಕ್ಕಕ್ಕಿಟ್ಟುಕೊಂಡು ಕೂತಿದ್ದ. ಅವನ ಗದ್ದೆಗೆ ಹೋಗುವ ಕಾಲುವೆಯ ದಂಡೆ ಒಡೆದು, ನೀರೆಲ್ಲ ಆ ಬಂಡೆಯ ಕಡೆ ಹರಿಯುತ್ತಿತ್ತು.

"ಯಾಕಜ್ಜ ಸುಮ್ನೆ ಕೂತಿದೀಯ?"

"ಇವ್ರು ಹೋಗ್ಲಿ ಅಂತ ಮೂರು ದಿನದಿಂದ ಕಾಯ್ತಿದೀನಿ ಕಣಮ್ಮ. ಒಬ್ರು ಹೋದ್ರೆ ಇನ್ನಿಬ್ರು ಬರ್ತಾರೆ. ಅವ್ರ ಎದುರಿಗೇ ನೀರು ಹೆಂಗೆ ನಿಲ್ಲಿಸ್ಲಿ?"

"ನಿಲ್ಲಿಸ್ಬೇಡಿ! ನಕ್ಷೆಗೆ ಸೇರಿಸೋಣ," ಎಂದರು ಇಸೊಗಾಯಿ.

"ನಾಟಿ ಇರೋದು ಮುಂದಿನ ವಾರ. ನಕ್ಷೆ ಮೇಲೆ ಭತ್ತ ಬೆಳೀಲಾ?"

ಇಬ್ಬರೂ ನನ್ನ ಮುಖ ನೋಡಿದರು. ಯಾರ ಪರ ವಹಿಸಬೇಕೋ ನನಗೂ ತಿಳಿಯಲಿಲ್ಲ. ಕೊನೆಗೆ ಕೆಳಗಿಳಿದು, ಜನರ ಮುಂದೆ ತಲೆಬಾಗಿ ಹೇಳಿದೆ: "ಕ್ಷಮಿಸಿ, ಇನ್ನು ಸ್ವಲ್ಪ ಹೊತ್ತಿಗೆ ನೀರು ನಿಲ್ಲುತ್ತೆ."

"ದುರಸ್ತಿನಾ?" ಎಂದು ಒಬ್ಬ ಮುದುಕ ಕೇಳಿದ.

"ಹೌದು."

"ಮತ್ತೆ ಯಾವಾಗ ಶುರು?"

ನಾನು ಇನ್ನೊಮ್ಮೆ ತಲೆಬಾಗಿದೆ; ಮೇಲೆ ಅಜ್ಜ ದಂಡೆ ಕಟ್ಟತೊಡಗಿದ. ಜನರೆಲ್ಲ ಕೊನೆಯ ಹನಿ ಬೀಳುವವರೆಗೂ ನಿಂತಿದ್ದು, ನನಗೇ ವಂದನೆ ಹೇಳಿ ಹೋದರು. ಯಾತಕ್ಕೆಂದು ಈಗಲೂ ಅರ್ಥವಾಗಿಲ್ಲ.

ನಾಟಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅಜ್ಜ ನನ್ನನ್ನು ಆ ಬಂಡೆಯ ಹತ್ತಿರ ಕರೆದುಕೊಂಡು ಹೋದ. ಒಣಗಿದ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಬಹಳ ಹೊತ್ತು ನೋಡಿದ.

"ಅಷ್ಟು ಚೆನ್ನಾಗಿತ್ತೇನಮ್ಮ? ನಾನು ಮೇಲಿಂದ ಮಾತ್ರ ನೋಡಿದ್ದು."

ಕಂಡಷ್ಟನ್ನು ಕೈಯಾಡಿಸಿ ಹೇಳತೊಡಗಿದೆ. ಅವನು ಟೋಪಿ ತೆಗೆದು ಕೇಳುತ್ತ ನಿಂತ.